ಹಿಮನದಿಯ ಕೊನೆಯ ತುಂಡು

ಉನ್ನೂರ್ ಚೀರಿದ್ದು ಕೇಳಿ ಸಾಲ್ವೋರ್ ಕೈಯ ಕಾಫಿ ತುಳುಕಿತು.

ಅಡುಗೆಮನೆಗೆ ಓಡಿದಳು. ಉನ್ನೂರ್ ಫ್ರೀಜರಿನ ಮುಂದೆ ಕುಸಿದು ಕೂತಿದ್ದಳು. ಬಿಳಿ ಡಬ್ಬಿಯೊಂದನ್ನು ಎದೆಗವಚಿ, ಮುಚ್ಚಳವನ್ನು ಅಂಗೈಯಿಂದ ಒತ್ತಿಹಿಡಿದಿದ್ದಳು. ಬಾಯಿಂದ ಮಾತೇ ಹೊರಡುತ್ತಿಲ್ಲ.

"ಅಯ್ಯೋ, ಕರಗಿ ನೀರಾಗಿಹೋಯ್ತಾ!" ಬಾಗಿಲಲ್ಲಿ ನಿಂತು ಉದ್ಗರಿಸಿದರು ಸ್ತೇಯ್ನಾರ್, ಬರವಣಿಗೆ ಕಲಿಸುವ ಮೇಷ್ಟ್ರು.

ಡಬ್ಬಿಯಲ್ಲಿದ್ದದ್ದು ಒಂದು ಹಿಮನದಿಯ ಕೊನೆಯ ತುಂಡು. ಉತ್ತರ ಐಸ್‌ಲ್ಯಾಂಡಿನ ಆ ಹಿಮನದಿ ಈಗ ಬರೀ ಕಲ್ಲುಗುಡ್ಡ. ಅದು ಸಾಯುವ ಮುನ್ನ ವಿಜ್ಞಾನಿ ಉನ್ನೂರ್ ತಾನೇ ಕೊರೆದು ತಂದು ಕಾಪಾಡಿದ್ದಳು. ಹವಾಮಾನದ ಸಂಕಟದ ಬಗ್ಗೆ ಬರೆಯಲು ಕಣಿವೆಯ ಈ ಮನೆಯಲ್ಲಿ ಸೇರಿದ್ದವರೆಲ್ಲ ನಿನ್ನೆ ಅದನ್ನು ಬೆಳಕಿಗೆ ಹಿಡಿದು ನೋಡಿದ್ದರು. ಗಾಜಿನಂಥ ಮೈಯೊಳಗೆ ಹಳೆಯ ಜ್ವಾಲಾಮುಖಿಯ ಬೂದಿ, ಕಪ್ಪು ಗೆರೆಯಾಗಿ.

ಫ್ರೀಜರಿನ ಪ್ಲಗ್ ಯಾರೋ ಕಿತ್ತಿದ್ದರು.

ಎಲ್ಲರ ಕಣ್ಣೂ ಕೋಲ್ಬೇನ್ ಕಡೆ ತಿರುಗಿದವು. ಅಲ್ಯೂಮಿನಿಯಂ ಕಾರ್ಖಾನೆಯ ಎಂಜಿನಿಯರ್. 'ಐಸ್ ತುಂಡಿಗೆ ಇಷ್ಟೊಂದು ಪೂಜೆಯಾ? ವಿಸ್ಕಿಗೆ ಹಾಕೋಣ ಬಿಡಿ' ಎಂದು ನಿನ್ನೆ ಊಟದಲ್ಲಿ ನಕ್ಕವನು ಅವನೇ.

"ನಿನ್ನ ಕುಲುಮೆ ಕರಗಿಸಿದ್ದು ಸಾಲ್ದೇನೋ?" ಉನ್ನೂರ್ ಕಿರುಚಿದಳು. "ಇದೂ ಬೇಕಾಗಿತ್ತಾ?"

"ತಮಾಷೆಗಂದೆ ಕಣ್ರೀ!" ಕೋಲ್ಬೇನ್ ಮುಖ ಬಿಳಿಚಿತ್ತು. "ನಾನು ಇಲ್ಲಿಗ್ಯಾಕೆ ಬಂದೆ ಗೊತ್ತಾ? ನನ್ನ ಕೆಲಸ ಕಂಡ್ರಾಗದೆ ಮಗಳು ಮಾತು ಬಿಟ್ಟಿದ್ದಾಳೆ. ಅವಳಿಗೆ ಏನಾದ್ರೂ ಬರೀಬೇಕು ಅಂತ ಬಂದೆ. ಇನ್ನು ಏನಂತ ಬರೀಲಿ?"

ಅವನು ಪೆಟ್ಟಿಗೆ ಕಟ್ಟಲು ಹೊರಟ.

"ದೂರೋದು ಬೇಡ," ಸ್ತೇಯ್ನಾರ್ ಮೆಲ್ಲಗೆ ಹೇಳಿದರು. "ಹೋಗಿ ಬರೀರಿ. ನೋವು ಹಸಿಯಾಗಿರೋವಾಗ್ಲೇ ಬರೀರಿ."

ಸಾಲ್ವೋರ್ ಅಕುರೇರಿ ಪಟ್ಟಣದಲ್ಲಿ ಪೊಲೀಸ್ ಕೆಲಸದಿಂದ ನಿವೃತ್ತಳಾದವಳು. ವಿಚಾರಣೆಗಳನ್ನು ಮರೆಯಲೆಂದೇ ಬಂದಿದ್ದಳು. ಆದರೂ ಕೈ ಸುಮ್ಮನಿರಲಿಲ್ಲ. ಫ್ರೀಜರಿನಿಂದ ಒಂದು ಮೀನು ತೆಗೆದು ಮೇಜಿಗೆ ಬಡಿದಳು.

ಠಕ್!

"ನಿಲ್ಲಯ್ಯಾ ಕೋಲ್ಬೇನ್. ಉನ್ನೂರ್, ಡಬ್ಬಿ ಕೊಡಮ್ಮ."

ನೀರನ್ನು ಗಾಜಿನ ಲೋಟಕ್ಕೆ ಸುರಿದಳು. ತಳದವರೆಗೂ ತಿಳಿ.

"ಬೂದಿ ಎಲ್ಲಿ?"

ಉನ್ನೂರ್ ಬೆಚ್ಚಿ ತಲೆಯೆತ್ತಿದಳು. "ಇದು... ಇದು ನನ್ನ ಹಿಮದ ನೀರಲ್ಲ!"

"ನಲ್ಲಿ ನೀರು. ಮೀನು ಕಲ್ಲಿನ ಹಾಗಿದೆ, ಅಂದ್ರೆ ಪ್ಲಗ್ ಕಿತ್ತದ್ದು ಈಗ ಬೆಳಿಗ್ಗೆ, ನಮಗೆ ತೋರಿಸೋಕೆ. ತುಂಡು ಮೊದಲೇ ಬೇರೆಲ್ಲೋ ಹೋಗಿದೆ." ಅವಳು ತಿರುಗಿದಳು. "ಸ್ತೇಯ್ನಾರ್, ನೀವು ಬಾಗಿಲಲ್ಲೇ ನಿಂತು ಕರಗಿಹೋಯ್ತಾ ಅಂದ್ರಿ. ಆಗ ಉನ್ನೂರ್ ತುಟಿ ಬಿಚ್ಚಿರ್ಲಿಲ್ಲ. ಮುಚ್ಚಳ ಮುಚ್ಚೇ ಇತ್ತು. ನಿಮಗೆ ಹೇಗೆ ಗೊತ್ತಾಯ್ತು?"

ಸ್ತೇಯ್ನಾರ್ ಕಣ್ಣು ತಗ್ಗಿಸಿದರು.

"ನೀವಾ?" ಉನ್ನೂರ್ ಧ್ವನಿ ಒಡೆಯಿತು. "ನಿಮ್ಮನ್ನ ನಂಬಿ ತಂದೆನಲ್ಲ!"

ಸ್ತೇಯ್ನಾರ್ ಗೋಡೆಗೊರಗಿದರು. "ವರ್ಷಗಟ್ಟಲೆ ಕಲಿಸ್ದೆ ಉನ್ನೂರ್. ಎಲ್ಲರೂ ಚೆಂದವಾಗಿ ಬರೀತಾರೆ, ಯಾರಿಗೂ ಎದೆ ಧಸಕ್ ಅನ್ನಲ್ಲ. ಕಳೆದುಕೊಂಡ್ರೆ ಹೇಗಿರುತ್ತೆ ಅಂತ ಒಂದೇ ಒಂದು ದಿನ ತೋರಿಸೋಣ ಅನ್ನಿಸ್ತು. ಸಂಜೆ ವಾಪಸ್ ಕೊಡ್ತಿದ್ದೆ, ಆಣೆ. ಟವಲಲ್ಲಿ ಸುತ್ತಿ, ಮನೆ ಹಿಂದಿನ ಹಳ್ಳದ ಹಿಮರಾಶಿಯಲ್ಲಿ ಹೂತಿಟ್ಟಿದ್ದೀನಿ. ಅದು ಆಗಸ್ಟ್‌ವರೆಗೂ ಕರಗಲ್ಲ, ನಾನು ಹುಡುಗ ಆಗಿದ್ದಾಗಿಂದ ನೋಡಿದ್ದೀನಿ."

ಎಲ್ಲರೂ ಓಡಿದರು.

ಹಿಮರಾಶಿ ನಡುವೆ ಕುಸಿದಿತ್ತು. ಮೇಲಿನಿಂದ ಗಟ್ಟಿಯಾಗಿ ಕಾಣುತ್ತಿದ್ದ ಅದರ ಹೊಟ್ಟೆ ಪೂರ್ತಿ ಪೊಳ್ಳು. ಒಳಗೆ ಕರಗಿದ ನೀರು ತೊರೆಯಾಗಿ ಹರಿಯುತ್ತಿತ್ತು. ಕಲ್ಲಿಗೆ ಸಿಕ್ಕಿಕೊಂಡಿದ್ದ ಟವಲನ್ನು ಸಾಲ್ವೋರ್ ಎಳೆದು ಬಿಡಿಸಿದಳು. ಅದರ ಮಡಿಕೆಯಲ್ಲಿ ಚಿಟಿಕೆಯಷ್ಟು ಕಪ್ಪು ಬೂದಿ. ಬೇರೇನಿಲ್ಲ.

"ಜೂನ್ ಇದು..." ಸ್ತೇಯ್ನಾರ್ ತೊದಲಿದರು. "ಇನ್ನೂ ಜೂನ್..."

ಸಿಕ್ಕಿಬಿದ್ದವರ ಮುಖ ಸಾಲ್ವೋರ್ ಬೇಕಾದಷ್ಟು ನೋಡಿದ್ದಳು. ಈ ಮುಖವನ್ನು ನೋಡಲಾಗದೆ ಕಣ್ಣು ತಿರುಗಿಸಿದಳು.

ಕೋಲ್ಬೇನ್ ಮಾತ್ರ ಮಂಡಿಯೂರಿ, ತೋಳನ್ನು ಭುಜದವರೆಗೂ ಆ ಕೊರೆಯುವ ನೀರಿನಲ್ಲಿ ಇಳಿಸಿ ತಡಕುತ್ತಲೇ ಇದ್ದ. ಬೆರಳು ನೀಲಿಗಟ್ಟಿದರೂ ನಿಲ್ಲಿಸಲಿಲ್ಲ.

"ಸಿಗಲ್ಲ ಬಿಡೋ," ಎಂದಳು ಉನ್ನೂರ್. ಅವನು ಕೇಳಲಿಲ್ಲ. ಅವಳೂ ಪಕ್ಕದಲ್ಲಿ ಕೂತು ನೀರಿಗೆ ಕೈ ಹಾಕಿದಳು.