ಒಂದು ಚೂರು ನೀಲಿ

“ನನ್ನ ಮಾನಿಟರ್ ಮೇಲೆ ನಿಮಗ್ಯಾಕ್ರೀ ಅಷ್ಟೊಂದು ಹೊಟ್ಟೆಕಿಚ್ಚು?”

ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅವಳು ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಚೆನ್ನಾಗಿದ್ದೀರಾ ಎಂದು ಕೇಳಲೂ ಇಲ್ಲ. ಎದುರಿಗಿದ್ದವನು ಪ್ರಿಂಟ್ ಲ್ಯಾಬಿನವನು. ಅವಳು ಮನೆಯಲ್ಲೇ ಕೂತು ಸ್ಟುಡಿಯೋಗಳ ಫೋಟೋ ತಿದ್ದುವವಳು. ಮೊಡವೆ ಅಳಿಸಿ, ಮುಖಕ್ಕೆ ಬಣ್ಣ ಕೂರಿಸಿ ಅವಳು ಕಳಿಸಿದ್ದನ್ನು ಇವನು ಕಾಗದದ ಮೇಲೆ ಇಳಿಸಿ ಆಲ್ಬಮ್ ಮಾಡುತ್ತಿದ್ದ. ಎಷ್ಟೋ ವರ್ಷಗಳ ಪರಿಚಯ, ಆದರೆ ಬಹುಪಾಲು ಫೋನಿನಲ್ಲೇ. ಫೋನಿನಲ್ಲಿ ಹರಟುವ ಮನುಷ್ಯ ಎದುರು ಸಿಕ್ಕರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಜಗಳಕ್ಕೆ ಎದುರೆದುರೇ ಅನುಕೂಲ.

“ಹೊಟ್ಟೆಕಿಚ್ಚಲ್ಲ ಮೇಡಂ. ಅದಕ್ಕೆ ವಯಸ್ಸಾಯ್ತು ಅಂದೆ, ಅಷ್ಟೆ.”

“ನನಗೂ ಆಗಿದೆ. ನನ್ನನ್ನೂ ಬದಲಾಯಿಸಿಬಿಡ್ತೀರಾ?”

ಅವನು ತಲೆ ತಗ್ಗಿಸಿದ. ಕಿವಿ ಎರಡೂ ಕೆಂಪಾದವು. ದಿನವಿಡೀ ಮುಖದ ಬಣ್ಣ ನೋಡುವವಳ ಕಣ್ಣಿಗೆ ಅದು ತಪ್ಪೀತೇ? ಸಿಟ್ಟು ಅರ್ಧ ಅಲ್ಲೇ ಇಳಿಯಿತು, ಆದರೂ ಇಳಿದದ್ದನ್ನು ತೋರಿಸಿಕೊಳ್ಳಲಿಲ್ಲ.

ಮಾನಿಟರ್ ಬದಲಾಯಿಸಿ ಎಂದು ಅವನು ತಿಂಗಳುಗಟ್ಟಲೆ ತಲೆ ತಿಂದಿದ್ದ. ತನ್ನ ಕೆಲಸಕ್ಕೇ ಹೆಸರಿಡುತ್ತಿದ್ದಾನೆಂದು ಅವಳಿಗೆ ನೋವಾಗಿತ್ತು. ಇವತ್ತೂ ಬರುತ್ತಿರಲಿಲ್ಲ. ಆದರೆ ಮೊನ್ನೆ ಫೋನಿನಲ್ಲಿ, “ಈ ವಾರಾನೇ ಬನ್ನಿ, ಬರೋ ವಾರ ನಾನಿರಲ್ಲ” ಎಂದುಬಿಟ್ಟ. ಲ್ಯಾಬ್ ಮುಚ್ಚುತ್ತಿದೆ. ಅವನ ಭಾವ ತೀರಿಕೊಂಡು, ದೂರದ ಊರಿನಲ್ಲಿ ಅಕ್ಕ, ಅವಳ ಪುಟ್ಟ ಮಕ್ಕಳು, ಒಂದು ಬೈಂಡಿಂಗ್ ಅಂಗಡಿ ದಿಕ್ಕಿಲ್ಲದೆ ನಿಂತಿವೆ. ಇವನು ಹೋಗಿ ಅಲ್ಲೇ ನೆಲೆಸಬೇಕು. ಡಬ್ಬಿಯಲ್ಲಿ ಸಕ್ಕರೆ ಖಾಲಿ ಅನ್ನುವಷ್ಟು ಸಲೀಸಾಗಿ ಹೇಳಿದ. ಅವಳೂ ಅಷ್ಟೇ ಸಲೀಸಾಗಿ “ಹೌದಾ” ಎಂದಳು. ಫೋನಿಟ್ಟ ಮೇಲೆ ಮಾತ್ರ ಅವತ್ತು ಒಲೆ ಹಚ್ಚಲು ಮನಸ್ಸಾಗಲಿಲ್ಲ.

ಅಂಗಡಿಯ ಗೋಡೆ ತುಂಬ ಮಾನಿಟರುಗಳು. ಎಲ್ಲದರಲ್ಲೂ ಒಂದೇ ಗಿಳಿ, ಒಂದೇ ಜಲಪಾತ, ಕಣ್ಣು ಕೋರೈಸುವ ಬಣ್ಣ. ಅಂಗಡಿಯವನು ಬಾಗಿದ ಪರದೆಯ ದುಬಾರಿ ಮಾಲಿನ ಮುಂದೆ ನಿಂತು ಗುಣಗಾನ ಶುರುಮಾಡಿದ.

“ಗಿಳಿ ನೋಡಿ ಮರುಳಾಗ್ಬೇಡಿ ಮೇಡಂ,” ಲ್ಯಾಬಿನವನು ಮೆಲ್ಲಗೆ ಹೇಳಿದ. “ಗಿಳಿ ಎಲ್ಲದರಲ್ಲೂ ಚೆಂದಾನೇ. ಇದು ಆಟ ಆಡೋರಿಗೆ. ನಿಮಗೆ ಬೇಕಿರೋದು ಮನುಷ್ಯರ ಮುಖ ಮನುಷ್ಯರ ಮುಖದ ಹಾಗೇ ತೋರಿಸೋದು. ಅದಕ್ಕೆ ಇಷ್ಟು ಬೆಲೆ ಕೊಡ್ಬೇಕಾಗಿಲ್ಲ.”

ಕೆಳಸಾಲಿನಲ್ಲಿದ್ದ ಸಾದಾ ಮಾನಿಟರ್ ಒಂದನ್ನು ಮುಂದಕ್ಕೆಳೆದ. ಮೊದಲು ಅಂಗಡಿಯವನು ಏರಿಸಿಟ್ಟಿದ್ದ ಬೆಳಕು ಇಳಿಸಿದ. ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಮೂಲೆಗಳಲ್ಲಿ ಬೆಳಕು ಸೋರುತ್ತದೆಯೇ ಎಂದು ಅಂಗೈ ಮರೆಮಾಡಿ ಇಣುಕಿದ. ಆಮೇಲೆ ಬೂದು ಬಣ್ಣ ತುಂಬಿಸಿ, ಎಲ್ಲಾದರೂ ಕಲೆ ಇದೆಯೇ ಎಂದು ಹುಡುಕಿದ.

“ಈಗ ಪಕ್ಕದಿಂದ ನೋಡಿ. ಬಣ್ಣ ತಿರುಗಿದ್ರೆ ಅದು ನಮಗೆ ಬೇಡ.”

ಪಕ್ಕದಿಂದ ನೋಡಲು ಇದ್ದದ್ದು ಗೋಡೆಗೂ ಮೇಜಿಗೂ ನಡುವಿನ ಗೇಣು ಜಾಗ. ಇಬ್ಬರೂ ಅದರಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬೇಕಾಯಿತು. ಅವನ ಅಂಗಿಯಿಂದ ಹೊಸ ಕಾಗದದ ವಾಸನೆ ಬಂತು. ಬಣ್ಣ ತಿರುಗಿತೋ ಇಲ್ಲವೋ, ಅವಳು ನೋಡಲೇ ಇಲ್ಲ.

“ಸಂಬಂಧ ನೋಡೋವಾಗ್ಲೂ ಯಾರೂ ಇಷ್ಟು ಸುತ್ತಿ ನೋಡಲ್ಲ ಸಾರ್,” ಅಂಗಡಿಯವನು ನಕ್ಕ. ಇವರಿಬ್ಬರೂ ನಗಲಿಲ್ಲ.

“ಆ ಮದುಮಗಳ ಫೋಟೋ ತನ್ನಿ ಅಂದಿದ್ನಲ್ಲ, ಅದನ್ನೇ ಹಾಕಿ ನೋಡಿ,” ಎಂದ ಲ್ಯಾಬಿನವನು. ಅವಳು ಪೆನ್ ಡ್ರೈವ್ ಚುಚ್ಚಿ, ತನಗೆ ಬಹಳ ಹೆಮ್ಮೆಯಿದ್ದ ಆ ಚಿತ್ರ ತೆರೆದಳು.

ಹುಡುಗಿಯ ಮುಖ ಚಳಿಯಲ್ಲಿ ನಿಲ್ಲಿಸಿದವಳ ಮುಖದಂತೆ ನೀಲಿಗಟ್ಟಿತ್ತು.

“ಇದು ಬೇಡ. ಬಣ್ಣ ಕೆಟ್ಟಿದೆ,” ಎಂದಳು.

ಇನ್ನೊಂದರಲ್ಲಿ ಹಾಕಿದರು. ಅದೇ ನೀಲಿ. ಮತ್ತೊಂದರಲ್ಲೂ ಅದೇ. ಅವಳು ಮೂಗು ಮುರಿದಳು. “ನಿಮ್ಮ ಅಂಗಡೀಲಿ ನೆಟ್ಟಗಿರೋ ಮಾನಿಟರ್ ಒಂದಾದ್ರೂ ಇದೆಯೇನ್ರೀ?”

“ಮೇಡಂ, ಅಷ್ಟೂ ಒಟ್ಟಿಗೆ ಕೆಟ್ಟುಹೋಗುತ್ತಾ?” ಅಂಗಡಿಯವನಿಗೂ ರೇಗಿತು. ಬೇರೆ ಗಿರಾಕಿಯ ಕಡೆ ಹೊರಟುಹೋದ.

ಲ್ಯಾಬಿನವನು ತನ್ನ ಚೀಲದಿಂದ ಅದೇ ಮದುಮಗಳ ಪ್ರಿಂಟ್ ತೆಗೆದು ಪರದೆಯ ಪಕ್ಕ ಹಿಡಿದ. ಕಾಗದದ ಮೇಲೆ ಹುಡುಗಿಯ ಕೆನ್ನೆಯಲ್ಲಿ ಕೆಂಪಿತ್ತು, ಜೀವವಿತ್ತು.

“ನೋಡಿ, ಇದು ನನ್ನ ಕೆಲಸ!” ಅವಳು ಗೆದ್ದವಳಂತೆ ಹೇಳಿದಳು.

ಅವನು ತನ್ನ ಪೆನ್ ಡ್ರೈವ್ ಹಾಕಿ, ತಾನು ಪ್ರಿಂಟಿಗೆ ಬಳಸಿದ ಪ್ರತಿಯನ್ನು ಅದೇ ಮಾನಿಟರಿನಲ್ಲಿ ತೆರೆದ. ಪರದೆಯೂ ಕಾಗದವೂ ಒಂದೇ ಬಣ್ಣ. ಪಕ್ಕದಲ್ಲಿ ಅವಳು ಕಳಿಸಿದ್ದ ನೀಲಿ ಮುಖ.

“ನಿಮ್ಮ ಹಳೇ ಮಾನಿಟರ್ ಹಳದಿಗೆ ತಿರುಗಿದೆ,” ಅವನು ನೆಲ ನೋಡುತ್ತ ಹೇಳಿದ. “ಅದರಲ್ಲಿ ಎಲ್ಲಾ ಮುಖಾನೂ ಹಳದಿಯಾಗಿ ಕಾಣುತ್ತೆ. ಆ ಹಳದಿ ಹೋಗ್ಲಿ ಅಂತ ನೀವು ನೀಲಿ ಸೇರಿಸ್ತೀರಿ. ಲ್ಯಾಬಲ್ಲಿ ನಾನು ಅದನ್ನ ತೆಗೀತಿದ್ದೆ.”

“ಎಲ್ಲಾ ಫೋಟೋದಲ್ಲೂ?”

“ಹೂಂ.”

“ಎಷ್ಟು ದಿನದಿಂದ?”

“ಶುರುವಿನಿಂದ.”

ಒಂದೊಂದು ಆಲ್ಬಮಿಗೆ ಎಷ್ಟೊಂದು ಮುಖಗಳು! ಎಲ್ಲರೂ ಮನೆಗೆ ಹೋದ ಮೇಲೆ ಇವನೊಬ್ಬನೇ ಕೂತು ಒಂದೊಂದನ್ನೂ ಸರಿಮಾಡಿರಬೇಕು. ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು.

“ಅಂದ್ರೆ ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ನಾನು ದೊಡ್ಡ ಕೆಲಸಗಾತಿ ಅಂತ ಬೀಗ್ತಾ ಇದ್ದೆ. ಒಂದು ಮಾತು ಹೇಳಿದ್ರೆ ನಾನೇ ತಿದ್ಕೋತಿರ್ಲಿಲ್ವಾ?”

“ತಿದ್ಕೋತಿದ್ರಿ. ತಪ್ಪು ನಂದೇ.” ಅವನು ಪ್ರಿಂಟನ್ನು ಚೀಲಕ್ಕೆ ಸೇರಿಸಿದ. “ಆಲ್ಬಮ್ ಹೋದ ಮಾರನೇ ದಿನ ಫೋನ್ ಮಾಡಿ, ಬಣ್ಣ ಹೇಗೆ ಬಂತು ಅಂತ ಕೇಳ್ತಿದ್ರಿ. ಚೆನ್ನಾಗಿ ಬಂದಿದೆ ಅಂದ್ರೆ ನಗ್ತಿದ್ರಿ. ನಂಗೆ ಆ ನಗು ಬೇಕಿತ್ತು. ಮೊದಲ ಸಲ ಹೇಳದೆ ಬಿಟ್ಟೆ, ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ. ಇನ್ನು ಹೊಸ ಲ್ಯಾಬಿನವರು ನೀವು ಕಳಿಸಿದ್ದನ್ನ ಹಾಗೇ ಪ್ರಿಂಟ್ ಹಾಕ್ತಾರೆ. ಮೊದಲ ಆಲ್ಬಮ್‌ಗೇ ಸ್ಟುಡಿಯೋದವರು ನಿಮ್ಮನ್ನ ಬಿಟ್ಟುಬಿಡ್ತಾರೆ. ಅದಕ್ಕೇ ಇವತ್ತು ಹೇಳಲೇಬೇಕಾಯ್ತು.”

ಅವಳ ಮನೆ ನಡೆಯುವುದೇ ಈ ಕೆಲಸದಿಂದ. ಮನೆಯಲ್ಲಿ ಅಮ್ಮ ಇದ್ದಾಳೆ, ಮರೆವಿನ ಅಮ್ಮ. ಆ ಮನೆಯ ಕೋಣೆಗಳನ್ನು ಬಿಟ್ಟರೆ ಬೇರೆ ಯಾವುದೂ ಅಮ್ಮನಿಗೆ ತನ್ನದೆನಿಸುವುದಿಲ್ಲ. ಒಮ್ಮೆ ಅಣ್ಣ ತನ್ನ ಮನೆಗೆ ಕರೆದೊಯ್ದಾಗ ತುತ್ತು ನುಂಗದೆ ಹಟ ಹಿಡಿದಿದ್ದಳು.

“ಇವತ್ತು ಹೇಳೋಕೆ ಬಂದಿದ್ದು ಮಾನಿಟರ್ ವಿಷಯ ಮಾತ್ರಾನಾ?” ಅವಳು ಕೇಳಿದಳು.

ಅವನು ಮೊದಲ ಬಾರಿ ಅವಳ ಕಣ್ಣನ್ನೇ ನೋಡಿದ. “ಅಲ್ಲ. ಆದ್ರೆ ಮಿಕ್ಕಿದ್ದು ಹೇಳೋ ಯೋಗ್ಯತೆ ಉಳಿಸಿಕೊಂಡಿಲ್ಲ.”

ಅವಳು ಆ ಸಾದಾ ಮಾನಿಟರನ್ನೇ ಆರಿಸಿದಳು. ಬಸ್ಸಿನಲ್ಲಿ ಇಬ್ಬರ ನಡುವಿನ ಸೀಟಿನಲ್ಲಿ ಪೆಟ್ಟಿಗೆ, ಮನೆಯ ಹಿರಿಯರೊಬ್ಬರು ಜೊತೆಗೆ ಬಂದಂತೆ ಕೂತಿತ್ತು.

ಬಾಗಿಲು ತೆರೆದ ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಈಗ ಬಂದ್ರಾ ಅಳಿಯಂದ್ರೇ? ಎಷ್ಟು ತಡ ಮಾಡಿಬಿಟ್ರಿ!” ಎಂದಳು.

“ಅಮ್ಮಾ!” ಅವಳು ನಾಲಿಗೆ ಕಚ್ಚಿಕೊಂಡಳು.

“ಹೌದಮ್ಮ,” ಅವನು ಪೆಟ್ಟಿಗೆ ಇಳಿಸುತ್ತ ಮೆತ್ತಗೆ ಹೇಳಿದ. “ತುಂಬಾ ತಡ ಆಯ್ತು.”

ಅವಳು ನೀರು ತರುವ ನೆವದಲ್ಲಿ ಅಡುಗೆಮನೆ ಸೇರಿ, ಲೋಟ ಹಿಡಿದುಕೊಂಡು ಅತ್ತಳು. ಕಣ್ಣೊರೆಸಿಕೊಂಡು ಬರುವಷ್ಟರಲ್ಲಿ ಅವನು ಮಾನಿಟರ್ ಜೋಡಿಸಿ, ಬಿಸಿಲು ಪರದೆಗೆ ಬೀಳದಂತೆ ಮೇಜನ್ನು ಕಿಟಕಿಯಿಂದ ಪಕ್ಕಕ್ಕೆ ಸರಿಸಿದ್ದ.

“ಹೊಸ ಲ್ಯಾಬಿಗೆ ಕಳಿಸೋದು ಒಂದು ಮಾಡಿ, ನೋಡ್ತೀನಿ.”

ಹುಟ್ಟುಹಬ್ಬದ ಒಂದು ಮಗುವಿನ ಚಿತ್ರವಿತ್ತು. ಅವಳು ತಿದ್ದಿದಳು. ಕೆನ್ನೆ, ಹಣೆ, ಮೂಗಿನ ತುದಿ ಎಲ್ಲವೂ ಹದಕ್ಕೆ ಬಂದವು. ಬಂದಮೇಲೆ ಬೇಕೆಂದೇ ಒಂದು ಚೂರು ನೀಲಿ ಸೇರಿಸಿ ಕೈ ತೆಗೆದಳು.

“ಇನ್ನೂ ನೀಲಿ ಇದೆ,” ಅವನು ಹೇಳಿದ.

“ಇರ್ಲಿ. ನೀವೇ ತೆಗೀರಿ.”

ಅವನ ಕೈ ಮೌಸಿನ ಹತ್ತಿರ ಬಂತು. ಬಂದು, ಅವಳ ಬೆರಳ ಮೇಲೆ ಒಂದು ಗಳಿಗೆ ನಿಂತಿತು.

“ನಾನು ನಿಮ್ಮ ಜೊತೆ ಬಂದುಬಿಟ್ರೆ?” ಅವಳು ಕೇಳಿದಳು.

“ಅಮ್ಮ?”

“ನೀವು ಇಲ್ಲೇ ಉಳಿದ್ರೆ?”

“ಅಕ್ಕ?”

ಒಳಗಿನಿಂದ ಅಮ್ಮ, ಅಳಿಯನಿಗೆ ಊಟಕ್ಕೆ ಹಾಕು ಎಂದು ಕೂಗುತ್ತಿದ್ದಳು.

“ನಿಮ್ಮನ್ನ ತುಂಬಾ ಇಷ್ಟಪಟ್ಟೆ,” ಅವನು ಹೇಳಿದ. “ಇಷ್ಟಪಟ್ಟು ನಿಮಗೆ ಮೋಸಾನೂ ಮಾಡಿದೆ. ಇನ್ನು ಮಾಡಲ್ಲ. ಆ ನೀಲಿ ಈಗ ನಿಮಗೇ ಕಾಣ್ತಿದೆ ಅಲ್ವಾ?”

“ಕಾಣ್ತಿದೆ.”

“ಹಾಗಾದ್ರೆ ನೀವೇ ತೆಗೀಬೇಕು.”

ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ತುಂಬಿದ ಕಣ್ಣಲ್ಲೇ ನೀಲಿ ತೆಗೆದಳು. ಮಗುವಿನ ಮುಖ ಬೆಚ್ಚಗಾಯಿತು. ಅವನು ನೋಡಿದ, ತಲೆಯಾಡಿಸಿದ, ಅಮ್ಮನಿಗೆ ಕೈಮುಗಿದು ಹೊರಟ.

ಕೆಲವು ವಾರಗಳ ನಂತರ ಹೊಸ ಲ್ಯಾಬಿನಿಂದ ಫೋನ್ ಬಂತು. ಮಾತಿನಲ್ಲಿ ಬಹಳ ಹುರುಪಿನ ಮನುಷ್ಯ. “ಮೇಡಂ, ಎಷ್ಟು ಜನರ ಫೈಲ್ ನೋಡ್ತೀವಿ, ನಿಮ್ಮಷ್ಟು ಅಚ್ಚುಕಟ್ಟು ಯಾರದೂ ಇಲ್ಲ. ನೀವು ಕಳಿಸಿದ್ರಲ್ಲಿ ನಾವು ಸರಿಮಾಡೋಕೆ ಏನೂ ಇರೋದೇ ಇಲ್ಲ ನೋಡಿ!”

“ಥ್ಯಾಂಕ್ಸ್ ಸಾರ್,” ಎಂದಳು ಅವಳು. ಫೋನಿಟ್ಟು, ಅಮ್ಮನಿಗೆ ಕೇಳಿಸದಂತೆ ಬಾಗಿಲು ಹಾಕಿಕೊಂಡು, ಬಹಳ ಹೊತ್ತು ಬಿಕ್ಕಿ ಬಿಕ್ಕಿ ಅತ್ತಳು.