ಕೊಂಬೆಳೆದರೆ ಕಾಫಿ ಇಳಿಸುವ ಟಗರು

ಬೆಟ್ಟಗಳು ಇನ್ನೂ ಜಾಗ ಬದಲಾಯಿಸುತ್ತಿದ್ದ ಕಾಲದಲ್ಲಿ, ಹಬೆನಾಡು ಎಂಬ ರಾಜ್ಯದ ಒಂದು ಕಾಡಿನಲ್ಲಿ, ಬೊಮ್ಮಕ್ಕ ದಾರಿ ತಪ್ಪಿ ನಿಂತಿದ್ದಳು. ದೇಶ ದೇಶ ಸುತ್ತಿದ ಹೆಂಗಸು. ದಾರಿ ತಪ್ಪುವುದು ಅವಳಿಗೆ ಹೊಸದಲ್ಲ. ಆದರೆ ಇಷ್ಟು ಅವಸರದಲ್ಲಿ ತಪ್ಪಿದ್ದು ಇದೇ ಮೊದಲು.

ತಲೆಯ ಮೇಲೆ, ಕಾಫಿ ಗಿಡದ ಕೊಂಬೆಯಲ್ಲಿ ಒಂದು ಪುನುಗುಬೆಕ್ಕು ಕೂತು ಕೆಂಪು ಹಣ್ಣು ತಿನ್ನುತ್ತಿತ್ತು.

"ಪುನುಗಪ್ಪಾ, ಕಂಚುಬೆಟ್ಟ ಯಾವ ಕಡೆ?"

"ನಿನ್ನೆ ಬಲಗಡೆ ಇತ್ತು," ಎಂದಿತು ಬೆಕ್ಕು. "ಇವತ್ತಿಂದು ಹೇಳಿದರೆ ಏನು ಕೊಡ್ತೀಯ?"

"ಏನು ಬೇಕು?"

"ಒಂದು ಲೋಟ ಕಾಫಿ. ಹುಟ್ಟಿದಾಗಿಂದ ಈ ಹಣ್ಣು ತಿಂತಾ ಇದೀನಿ. ನನ್ನ ಹಿಂದೇ ಬುಟ್ಟಿ ಹಿಡ್ಕೊಂಡು ಬಂದು, ನಾನು ಬಿಟ್ಟ ಬೀಜ ಆರಿಸ್ಕೊಂಡು ಹೋಗಿ, ಮಹಡಿ ಮನೆ ಕಟ್ಟಿದವರನ್ನ ನೋಡಿದೀನಿ. ಒಬ್ಬರಾದರೂ 'ಬಾರಪ್ಪ, ಒಂದು ಗುಟುಕು ಕುಡಿ' ಅಂದಿಲ್ಲ."

ಬೊಮ್ಮಕ್ಕನಿಗೆ ಆ ಅವಸರದಲ್ಲೂ ನಗು ಬಂತು. "ನ್ಯಾಯವಾದ ಮಾತು. ಆದರೆ ಈಗ ಒಂದು ಚಿಟಿಕೆ ಪುಡಿಯೂ ಖರ್ಚು ಮಾಡೋ ಹಾಗಿಲ್ಲ. ಸಾಲ ಅಂತ ಇಟ್ಕೋ, ಬಂದು ತೀರಿಸ್ತೀನಿ."

"ಚೊಂಬಲ್ಲಿ ಹೊತ್ತು ತಂದ ತಣ್ಣನೇದು ಬೇಡ. ನನ್ನ ಕಣ್ಣೆದುರಿಗೇ ಇಳಿಸಬೇಕು. ಮೇಲೆ ನೊರೆ ಇರಬೇಕು."

"ಮರದ ಮೇಲೆ ಕೂತವನ ಜೋರು ನೋಡು! ಆಯ್ತಪ್ಪ, ಹೇಳು."

ಬೆಕ್ಕು ಬಾಲ ಎತ್ತಿ ಎಡಕ್ಕೆ ತೋರಿಸಿತು. ಬೊಮ್ಮಕ್ಕ ನಡೆದಳು.

ಅವಳ ಅವಸರಕ್ಕೆ ಕಾರಣವಿತ್ತು. ಊರೂರು ತಿರುಗಿ ತನ್ನ ಕೆಂಬಾಗಿಲ ಪಟ್ಟಣಕ್ಕೆ ಮರಳಿದಾಗ, ಇಡೀ ಪಟ್ಟಣ ಮಲಗಿತ್ತು. ಮಂಪರಯ್ಯನೆಂಬ ಮಾಂತ್ರಿಕ ಊರ ಬಾಗಿಲಲ್ಲಿ ನಿಂತು ಒಂದೇ ಒಂದು ಸಲ ಆಕಳಿಸಿದ್ದ. ಅದನ್ನು ನೋಡಿ ಕಾವಲುಗಾರ ಆಕಳಿಸಿದ, ಕಾವಲುಗಾರನನ್ನು ನೋಡಿ ಎತ್ತು ಆಕಳಿಸಿತು, ಎತ್ತನ್ನು ನೋಡಿ ಗಾಡಿಯವನು. ಹೀಗೇ ಆಕಳಿಕೆ ಬೀದಿ ಬೀದಿ ದಾಟಿ ಅರಮನೆಯ ರಾಣಿ ಮಲ್ಲಾಜಿಯನ್ನೂ ಮಲಗಿಸಿತು. ಮಲಗಿದವರ ಬೆಳಗುಗಳನ್ನೆಲ್ಲ ಮಂಪರಯ್ಯ ಕಿತ್ತು ಒಂದು ಚೀಲಕ್ಕೆ ತುಂಬುತ್ತಿದ್ದ. ಅಮಾವಾಸ್ಯೆಯ ದಿನ ಚೀಲದ ಬಾಯಿ ಹೊಲಿದನೆಂದರೆ ಮುಗಿಯಿತು, ಆ ಊರಿಗೆ ಮತ್ತೆ ಬೆಳಗೇ ಇಲ್ಲ.

ಮಲಗಿದವರಲ್ಲಿ ಬೊಮ್ಮಕ್ಕನ ತಂಗಿ ಕೆಂಚಾಂಬೆಯೂ ಇದ್ದಳು. ಲೋಕದಲ್ಲಿ ಬೊಮ್ಮಕ್ಕನನ್ನು ಬೈಯುವ ಹಕ್ಕಿದ್ದವಳು ಅವಳೊಬ್ಬಳೇ.

ಬೊಮ್ಮಕ್ಕನ ಕಂಕುಳಲ್ಲಿ ಸದಾ ಒಂದು ಪುಟ್ಟ ಹಿತ್ತಾಳೆ ಯಂತ್ರ ಇರುತ್ತಿತ್ತು. ಶಾವಿಗೆ ಒರಳಿನ ಹಾಗೆ ಮೇಲೊಂದು ಹಿಡಿ. ಒತ್ತಿದರೆ ಬಿಸಿನೀರು ಪುಡಿಯೊಳಗಿಂದ ನುಗ್ಗಿ ಜೇನುಬಣ್ಣದ ಕಾಫಿ ಇಳಿಯುತ್ತಿತ್ತು. ಬೇರೆ ದೇಶದವರು ಅದನ್ನು ಎಸ್ಪ್ರೆಸ್ಸೊ ಎನ್ನುತ್ತಾರೆ, ಹಬೆನಾಡಿನವರು ಒತ್ತುಗಾಫಿ ಎನ್ನುತ್ತಾರೆ. ಯಂತ್ರದ ಹೆಸರು ಗುಬ್ಬಿ. ಗುಬ್ಬಿಯ ಮೊದಲ ಲೋಟ ಕುಡಿಸುತ್ತಲೇ ಕೆಂಚಾಂಬೆ ಕಣ್ಣು ಬಿಟ್ಟಳು. ಎರಡನೆಯದಕ್ಕೆ ಪಕ್ಕದ ಮನೆಯವಳು ಎದ್ದಳು, ಮೂರನೆಯದಕ್ಕೆ ಅವಳ ಗಂಡ. ಆಮೇಲೆ ಗುಬ್ಬಿಯ ಮೈ ಕಾದು ಕೆಂಡವಾಯಿತು. ನಾಲ್ಕನೆಯ ಲೋಟ ಸುಟ್ಟು ಕಹಿಯಾಯಿತು. ಕಹಿ ಕಾಫಿಗೆ ಯಾರೂ ಏಳಲಿಲ್ಲ. ಗುಬ್ಬಿ ತಣ್ಣಗಾಗುವಷ್ಟರಲ್ಲಿ ಎದ್ದವರೂ ಬೀದಿಯವರ ಆಕಳಿಕೆ ನೋಡಿ ಮತ್ತೆ ಉರುಳಿದರು.

"ದೊಡ್ಡ ಯಂತ್ರ ತಗೋ ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ..." ಎನ್ನುತ್ತಲೇ ಕೆಂಚಾಂಬೆ ಗೊರಕೆ ಹೊಡೆದಳು.

ಅದಕ್ಕೇ ಈ ಪಯಣ. ಕಂಚುಬೆಟ್ಟದ ಗುಹೆಯಲ್ಲಿ ಸಿದ್ಧಾಜಿ ಎಂಬ ಕಂಚುಗಾರ್ತಿ ಜೀವವಿರುವ ಕಾಫಿಯಂತ್ರಗಳನ್ನು ಎರಕ ಹೊಯ್ಯುತ್ತಿದ್ದಳು.

"ಮೂರಿವೆ," ಎಂದಳು ಸಿದ್ಧಾಜಿ, ಗುಹೆಗೆ ಬಂದ ಬೊಮ್ಮಕ್ಕನ ಮಾತು ಕೇಳಿ. "ನೋಡಿ ತಗೋ. ನೋಡದೆ ತಗೊಂಡು ಆಮೇಲೆ ನನ್ನ ಬಾಗಿಲಿಗೆ ಬರಬೇಡ."

ಮೊದಲನೆಯದು ಚಿನ್ನದ ನವಿಲು. ಬೊಮ್ಮಕ್ಕ ಪುಡಿ ಹಾಕಿದಳು, ಅದುಮಿದಳು, ಹಿಡಿ ಎಳೆದಳು.

"ಮೊದಲು ನನ್ನ ಗರಿ ನೋಡಿದೆಯಾ?" ಎಂದಿತು ನವಿಲು. ಅದು ಗರಿ ಬಿಚ್ಚಿ, ಕುಣಿದು, ಹೊಗಳಿಸಿಕೊಂಡು ಮುಗಿಸುವಷ್ಟರಲ್ಲಿ ಲೋಟದ ಕಾಫಿ ಆರಿಹೋಗಿತ್ತು.

"ಇಂಥವರನ್ನ ಎಲ್ಲಾ ದೇಶದಲ್ಲೂ ನೋಡಿದೀನಿ," ಎಂದಳು ಬೊಮ್ಮಕ್ಕ. "ಒಬ್ಬನನ್ನ ಮದುವೆಯೂ ಆಗಿದ್ದೆ. ಮುಂದಿನದು ತೋರಿಸು."

ಎರಡನೆಯದು ಹಿತ್ತಾಳೆಯ ಆನೆ. ಬೊಮ್ಮಕ್ಕ ಪುಡಿ ಹಾಕಿದಳು, ಅದುಮಿದಳು, ಸೊಂಡಿಲು ಎಳೆದಳು. ಕಾಫಿ ಹೊಳೆಯಾಗಿ ಬಂತು. ಸಂತೋಷದಿಂದ ಕುಣಿಯಬೇಕು ಎನ್ನುವಾಗ ಆನೆ, "ಊಟ?" ಎಂದಿತು. ಒಂದು ಗಳಿಗೆ ಕುದಿಯಲು ಅದಕ್ಕೆ ಒಂದು ತೋಪಿನಷ್ಟು ಸೌದೆ ಬೇಕಿತ್ತು. ಮೇಲಾಗಿ ಅದರ ಬೆನ್ನು ಕೆಂಬಾಗಿಲಿಗಿಂತ ಎತ್ತರ.

"ಊರ ಬಾಗಿಲು ಒಡೆದು ಊರು ಉಳಿಸೋದು ಹೇಗೆ? ಮುಂದಿನದು."

ಸಿದ್ಧಾಜಿ ತುಸು ಹಿಂಜರಿದಳು. ಮೂಲೆಯಲ್ಲಿ ಸರಪಳಿ ಹಾಕಿದ ಒಂದು ಕಂಚಿನ ಟಗರು ನೆಲ ಕೆರೆಯುತ್ತಿತ್ತು. ಅದರ ಕೊಂಬೇ ಹಿಡಿ; ಎದೆಯೊಳಗೆ ಉಕ್ಕಿನ ಸುರುಳಿ.

"ಇವನಿಗೆ ಬೆಲೆ ಇಲ್ಲ. ಹಿಡಿಯೋಕೆ ಬಂದವರ ಹಲ್ಲು ಉದುರಿಸಿದಾನೆ. ಪಳಗಿಸಿದರೆ ಹೊಡ್ಕೊಂಡು ಹೋಗು."

ಬೊಮ್ಮಕ್ಕ ಬೀಜವನ್ನು ರವೆಯ ಹಾಗೆ ಬೀಸಿದಳು. ಪುಡಿ ಹಾಕಿದಳು, ಅದುಮಿದಳು, ಕೊಂಬು ಎಳೆದಳು. ನೀರು ಸರ್ರನೆ ಸೋರಿಹೋಯಿತು. "ಕಾಲು ತೊಳೆಯೋಕೆ ಬಂದೆಯಾ?" ಎಂದು ಟಗರು ಕೊಂಬು ಝಾಡಿಸಿತು. ಬೊಮ್ಮಕ್ಕ ತಲೆ ತಗ್ಗಿಸಿದ್ದಕ್ಕೆ ಬದುಕಿದಳು.

ಎರಡನೆಯ ಸಲ ವಿಭೂತಿಯ ಹಾಗೆ ಬೀಸಿದಳು. ಹನಿಯೂ ಬೀಳಲಿಲ್ಲ. "ಉಸಿರು ಕಟ್ತಾ ಇದೆ ಕಣೇ!" ಎಂದು ಟಗರು ಗುಟುರು ಹಾಕಿತು.

ಮೂರನೆಯ ಸಲ ಅವಳು ಅವಸರ ಬಿಟ್ಟಳು. ರವೆಯೂ ಅಲ್ಲದ, ವಿಭೂತಿಯೂ ಅಲ್ಲದ ಹದಕ್ಕೆ ಬೀಸಿ, ಬೆರಳಲ್ಲಿ ಉಜ್ಜಿ ನೋಡಿದಳು. ಕೊಂಬು ಕೆಳಗೆಳೆದು, ಬಿಡದೆ, ಹಾಗೇ ಹಿಡಿದು ನಿಂತಳು. ಒಳಗೆ ಪುಡಿ ನೆನೆಯಲಿ ಎಂದು ಕಾದಳು. ತಳದಲ್ಲಿ ಮೊದಲ ಹನಿ ಇಣುಕಿದ ಮೇಲೆ ಕೈ ಸಡಿಲಿಸಿದಳು. ಸುರುಳಿ ತಾನೇ ನಿಧಾನವಾಗಿ ಕೊಂಬನ್ನು ಮೇಲೆತ್ತಿತು. ಜೇನಿನ ಎಳೆಯಂತೆ ಕಾಫಿ ಇಳಿಯಿತು. ಮತ್ತೊಂದು ಇಳಿಸಿದಳು, ಮತ್ತೊಂದು, ಮತ್ತೊಂದು. ಟಗರಿನ ಮೈ ಕಾಯಲಿಲ್ಲ, ಕಾಫಿ ಸುಡಲಿಲ್ಲ.

"ನಿನ್ನ ಜೊತೆ ಬರ್ತೀನಿ," ಎಂದಿತು ಟಗರು. "ಆದರೆ ಒಂದು ಮಾತು. ನನ್ನ ಬಾಯಿ ಖಾಲಿ ಇರುವಾಗ ಕೊಂಬು ಎಳೆದರೆ, ಆಮೇಲೆ ಆಗಿದ್ದಕ್ಕೆ ನಾನು ಹೊಣೆ ಅಲ್ಲ. ಪುಡಿ ಅಡ್ಡ ಇಲ್ಲದಿದ್ದರೆ ಕೊಂಬು ಚಿಮ್ಮೋದನ್ನ ನನಗೆ ತಡೆಯೋಕಾಗಲ್ಲ."

ಬೊಮ್ಮಕ್ಕ ಗುಬ್ಬಿಯನ್ನು ಅಲ್ಲೇ ಇಡಲು ಹೋದಳು. ಎರಡು ಊರನ್ನೂ ಒಬ್ಬ ಗಂಡನನ್ನೂ ಬಿಟ್ಟು ಬಂದಾಗ ಅವಳು ತಿರುಗಿಯೂ ನೋಡಿರಲಿಲ್ಲ, ಈಗ ಗುಬ್ಬಿಯ ಮೇಲಿಂದ ಕೈ ತೆಗೆಯಲಿಲ್ಲ.

"ಯಾಕಮ್ಮ ಬಿಡ್ತೀಯ?" ಎಂದಳು ಸಿದ್ಧಾಜಿ. "ದೊಡ್ಡದು ಬಂತು ಅಂತ ಚಿಕ್ಕದು ಕೆಟ್ಟಿತಾ? ಟಗರು ಊರಿಗೆ, ಗುಬ್ಬಿ ಒಬ್ಬರಿಗೆ."

ಅಮಾವಾಸ್ಯೆಯ ದಿನ ಟಗರು ಟಕಟಕನೆ ಕೆಂಬಾಗಿಲು ಹೊಕ್ಕಿತು. ಒಳಗೆ ಮಂಪರಯ್ಯ ಚೀಲದ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ. ಬೊಮ್ಮಕ್ಕ ಸದ್ದಿಲ್ಲದೆ ಬೀದಿಯ ಕೊನೆಯಲ್ಲಿ ಕೆಲಸಕ್ಕೆ ನಿಂತಳು. ಮೊದಲ ಲೋಟ ತಂಗಿಗೆ.

"ಎಲ್ಲಿ ಹಾಳಾಗಿ ಹೋಗಿದ್ದೆ ಅಕ್ಕಾ?"

"ಆಮೇಲೆ ಬೈಯುವೆಯಂತೆ. ಈ ಲೋಟ ಕಾವಲುಗಾರನಿಗೆ ಕೊಡು."

ಲೋಟದ ಹಿಂದೆ ಲೋಟ ಹೋಯಿತು. ಎದ್ದವರು ಮಲಗಿದವರಿಗೆ ಕುಡಿಸಿದರು. ಬೀದಿಯಲ್ಲಿ ಮಾತು ಕೇಳಿತು, ಮಾತು ಜಗಳವಾಯಿತು. ಊರು ಎದ್ದಿದೆ ಎನ್ನಲು ಇನ್ನೇನು ಬೇಕು? ಸದ್ದಿಗೆ ಮಂಪರಯ್ಯ ಧಾವಿಸಿ ಬಂದು ಒಂದು ಆಕಳಿಕೆ ಬಿಟ್ಟ. ಅರ್ಧ ಬೀದಿ ಕುಸಿದು ಕೂತಿತು. ಬೊಮ್ಮಕ್ಕನ ದವಡೆಯೂ ನಡುಗಿತು. ಅವಳು ಆಗಷ್ಟೇ ಟಗರಿನ ಬಾಯಿಂದ ಹಳೆಯ ಚರಟ ತಟ್ಟಿ ತೆಗೆದಿದ್ದಳು.

"ಸರಿ ಆಚೆ!" ಎಂದ ಮಂಪರಯ್ಯ. "ಇದರ ಹೊಟ್ಟೇಲಿರೋ ನೀರನ್ನೆಲ್ಲ ನೆಲಕ್ಕೆ ಚೆಲ್ತೀನಿ."

"ಸ್ವಾಮಿ, ಎಳೀಬೇಡಿ. ಬಾಯಿ ಖಾಲಿ ಇದೆ."

"ನನಗೇ ಬುದ್ಧಿ ಹೇಳ್ತೀಯಾ?"

"ಎಳೆದರೂ ಅದರ ಮೇಲೆ ಬಗ್ಗಬೇಡಿ."

"ಬಾಯಿ ಮುಚ್ಚು!"

"ಹೋಗಲಿ, ಆಕಳಿಸೋದಾದರೂ ಆಮೇಲೆ ಆಕಳಿಸಿ."

ಮಂಪರಯ್ಯ ಕೊಂಬಿನ ಮೇಲೆ ಬಗ್ಗಿದ, ಎರಡೂ ಕೈಯಲ್ಲಿ ಕೆಳಗೆಳೆದ, ಇಡೀ ಊರನ್ನು ಒಂದೇ ಸಲ ಮಲಗಿಸುವಂಥ ಆಕಳಿಕೆಗೆ ಬಾಯಿ ತೆರೆದ. ಆಕಳಿಸುವವನ ಕೈಯಲ್ಲಿ ಹಿಡಿತ ಎಲ್ಲಿರುತ್ತದೆ? ಕೊಂಬು ಜಾರಿತು, ಸುರುಳಿ ಚಿಮ್ಮಿತು, ಕೊಂಬು ಗಲ್ಲಕ್ಕೆ ಬಡಿದು ಅವನ ಬಾಯಿ ಟಪ್ಪನೆ ಮುಚ್ಚಿತು. ಹೊರಗೆ ಬರಬೇಕಾದ ಆಕಳಿಕೆ ಒಳಗೇ ಉಳಿಯಿತು. ತನ್ನ ಆಕಳಿಕೆಯನ್ನು ತಾನೇ ನುಂಗಿದ ಮಾಂತ್ರಿಕ ಅಲ್ಲೇ ಅಂಗಾತ ಬಿದ್ದು ಗೊರಕೆ ಹೊಡೆದ. ಇಂದಿಗೂ ಎದ್ದಿಲ್ಲ. ಬಿಸಿಲು ಚೆನ್ನಾಗಿದ್ದ ದಿನ ಕೆಂಬಾಗಿಲ ಹೆಂಗಸರು ಅವನ ಹೊಟ್ಟೆಯ ಮೇಲೆ ಹಪ್ಪಳ ಒಣಗಿಸುತ್ತಾರೆ.

ಕೆಂಚಾಂಬೆ ಚೀಲ ಕೊಡವಿದಳು. ಬೆಳಗುಗಳು ಹಾರಿಹೋದವು, ಕೆಲವು ಕೋಳಿ ಕೂಗಿನ ಜೊತೆ, ಕೆಲವು ಒಗ್ಗರಣೆಯ ಘಮದ ಜೊತೆ, ತಮ್ಮ ತಮ್ಮ ಮನೆ ಹುಡುಕಿಕೊಂಡು. ಆ ದಿನ ಊರಿನಲ್ಲಿ ಬೆಳಗಿನ ಮೇಲೆ ಬೆಳಗು ಆಯಿತು. ಜನ ತಿಂಡಿಯ ಮೇಲೆ ತಿಂಡಿ ತಿಂದರು, ಯಾರೂ ದೂರಲಿಲ್ಲ. ಅಂದಿನಿಂದ ಹಬೆನಾಡು ಹೊತ್ತಿಗೆ ಸರಿಯಾಗಿ ಎದ್ದು, ಹೊತ್ತಿಗೆ ಸರಿಯಾಗಿ ಕುಡಿದು, ಸುಖವಾಗಿದೆ.

"ಏನು ಬೇಕು ಕೇಳು," ಎಂದಳು ರಾಣಿ ಮಲ್ಲಾಜಿ.

"ಟಗರನ್ನ ನನ್ನ ತಂಗಿ ನೋಡ್ಕೊಳ್ಳಲಿ ತಾಯಿ. ನನಗೆ ಒಂದು ಕಡೆ ಸಾಲ ಇದೆ, ಹೊರಟೆ."

"ನೋಡಿ, ಮತ್ತೆ ಹೊರಟಳು!" ಎಂದಳು ಕೆಂಚಾಂಬೆ. ಬೈಯುತ್ತಲೇ ಬುತ್ತಿ ಕಟ್ಟಿಕೊಟ್ಟಳು.

ಬೆಟ್ಟಗಳು ಮತ್ತೆ ಜಾಗ ಬದಲಾಯಿಸಿದ್ದವು. ಬೊಮ್ಮಕ್ಕ ನೆಲದ ಮೇಲೆ ಬೆಕ್ಕು ಬಿಟ್ಟ ಬೀಜಗಳ ಜಾಡು ಹಿಡಿದು ಹೋಗಿ ಆ ಕೊಂಬೆಯ ಕೆಳಗೆ ನಿಂತಳು. ಮೂರು ಕಲ್ಲು ಹೂಡಿ ಬೆಂಕಿ ಮಾಡಿದಳು, ಗುಬ್ಬಿಯನ್ನು ಇಟ್ಟಳು. ಪುಡಿ ಹಾಕಿದಳು, ಅದುಮಿದಳು, ಹಿಡಿ ಎತ್ತಿ, ಕಾದು, ಒತ್ತಿದಳು. ಪುನುಗುಬೆಕ್ಕು ಇಳಿದು ಬಂದು, ಜೇನುಬಣ್ಣದ ನೊರೆಯನ್ನು ಮೂಸಿ, ಒಂದು ಗುಟುಕು ಕುಡಿಯಿತು.

"ಇದಕ್ಕಾ ಜನ ಇಷ್ಟು ಒದ್ದಾಡೋದು?" ಎಂದಿತು.

"ಇದಕ್ಕೇ."

ಬೆಕ್ಕು ಉಳಿದದ್ದನ್ನೂ ಕುಡಿಯಿತು. ಲೋಟದ ಒಳಗನ್ನೂ ಅಂಚನ್ನೂ ನೆಕ್ಕಿತು. ಆಮೇಲೆ ಮೀಸೆಯ ನೊರೆ ಒರೆಸಿಕೊಂಡು, ಖಾಲಿ ಲೋಟವನ್ನು ಎರಡೂ ಪಂಜದಲ್ಲಿ ಹಿಡಿದು ಅವಳ ಕೈಗೆ ಕೊಟ್ಟಿತು.

"ಸಾಲ ತೀರಿತು ಬೊಮ್ಮಕ್ಕ."