ಹುಳು ಬಿಟ್ಟ ಹಾಳೆ

ಅಧ್ಯಕ್ಷರ ಮನೆಯಿಂದ ಎರಡನೇ ಕೀಲಿ ತಂದು ಜವಾನ ದಾಖಲೆ ಕೋಣೆಯ ಬಾಗಿಲು ತೆಗೆದಾಗ ಬೆಳಿಗ್ಗೆ ಒಂಬತ್ತೂವರೆ. ಏಣಿಯ ಬುಡದಲ್ಲಿ ಕಡತದಜ್ಜ ಮಗ್ಗುಲಾಗಿ ಬಿದ್ದಿದ್ದರು. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಓಡಾಡುತ್ತಿರಲಿಲ್ಲ. ಮೂವತ್ತೆಂಟು ವರ್ಷ ಊರ ಕಚೇರಿಯ ಕಡತಗಳನ್ನು ಕಾಯ್ದ ಮನುಷ್ಯ, ಆ ಕಡತಗಳ ನಡುವೆಯೇ ತಣ್ಣಗಾಗಿದ್ದರು.

ಆರೋಗ್ಯ ಕೇಂದ್ರದಿಂದ ನರ್ಸ್ ಓಡಿಬಂದಳು. ಡಾಕ್ಟರು ಬರುವುದು ವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ಹುಟ್ಟಿಗೂ ಸಾವಿಗೂ ಅವಳೇ ಗತಿ. ಅವಳು ಬರುವಷ್ಟರಲ್ಲಿ ನೀರು ಪರೀಕ್ಷಕ ಅಲ್ಲಿದ್ದ. ಕೇಂದ್ರದಲ್ಲಿ ಅವಳ ಮೇಲಿನವನು, ಊರಿಗೆಲ್ಲ ಬೇಕಾದವನು. ಅಜ್ಜನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಏಣಿಯಿಂದ ಜಾರಿದ್ದಾರೆ ಸಿಸ್ಟರ್," ಎಂದ. "ನಾನು ಅವರನ್ನ ನೋಡಿ ವಾರ ಆಗಿತ್ತು. ಅವರಿಂದ ಒಂದು ಮಾತೂ ಬಂದಿರಲಿಲ್ಲ. ಬಂದಿದ್ರೆ ಕೊನೇ ಸಲ ನೋಡಾದ್ರೂ ನೋಡ್ತಿದ್ದೆ."

ನರ್ಸ್ ಮಂಡಿಯೂರಿದಳು. ಮೈ ಸೆಟೆದಿತ್ತು, ಪ್ರಾಣ ಹೋದದ್ದು ಹಿಂದಿನ ಸಂಜೆಯೇ ಇರಬೇಕು. ಪೆಟ್ಟು ತಲೆಯ ಹಿಂಭಾಗಕ್ಕೆ. ಏಣಿಯ ಕೆಳಗಿನ ನೆಲದಲ್ಲಿ ರಕ್ತ ಹೆಚ್ಚಿರಲಿಲ್ಲ. ಸೊಂಟದ ದಾರದಲ್ಲಿ ಕೋಣೆಯ ಕೀಲಿ ಹಾಗೇ ಇತ್ತು. ಕಿವಿಗೆ ದಾರ ಬಿಗಿದ ಕನ್ನಡಕ ಮೂಗಿನಿಂದ ಜಾರಿ ಗದ್ದಕ್ಕೆ ಬಂದಿತ್ತು. ಇನ್ನೊಂದು ಕನ್ನಡಕ ಜೇಬಿನ ಡಬ್ಬಿಯಲ್ಲಿ ಭದ್ರವಾಗಿತ್ತು.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಸೇರಿದ್ದ ಗುಂಪು ತಾನಾಗಿ ಸರಿದು ದಾರಿ ಬಿಟ್ಟಿತು. ಅರ್ಜಿಯಮ್ಮ ಒಳಗೆ ಬಂದಳು. ಕಚೇರಿಯ ಜಗಲಿಯಲ್ಲಿ ಸಣ್ಣ ಮೇಜು ಹಾಕಿಕೊಂಡು ಮೂವತ್ತು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುವ ಹೆಂಗಸು. ಊರಲ್ಲಿ ಕಳೆದದ್ದು, ಕದ್ದದ್ದು, ಮುಚ್ಚಿಟ್ಟದ್ದು ಏನಿದ್ದರೂ ಕಡೆಗೆ ಆ ಮೇಜಿಗೇ ಬರುತ್ತಿತ್ತು. ಅವಳು ಬಿಡಿಸಿದ ಗಂಟುಗಳ ಕತೆ ಪೊಲೀಸ್ ಠಾಣೆಯವರಿಗೂ ಗೊತ್ತಿತ್ತು. ಅಂಥ ಕೆಲಸಗಳಲ್ಲಿ ನರ್ಸ್ ಅವಳ ನೆರಳಿನ ಹಾಗೆ.

ಅರ್ಜಿಯಮ್ಮ ಶವವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಜ್ಜನ ಗದ್ದದ ಮೇಲಿದ್ದ ಕನ್ನಡಕ ಬಿಡಿಸಿ ನರ್ಸ್ ಕೈಗೆ ಕೊಟ್ಟಳು.

"ಹಾಕ್ಕೊಂಡು ನಿನ್ನ ಕಾಲು ನೋಡ್ಕೋ."

ನರ್ಸ್ ಹಾಕಿಕೊಂಡಳು. ನೆಲ ಕಲಸಿಹೋಯಿತು, ಏಣಿಯ ಮೆಟ್ಟಿಲುಗಳು ಒಂದರೊಳಗೊಂದು ಸೇರಿಕೊಂಡವು. "ಏನೂ ಕಾಣ್ತಿಲ್ಲ ಅಕ್ಕ."

"ಅದು ಓದೋ ಕನ್ನಡಕ. ಇದನ್ನ ಹಾಕ್ಕೊಂಡು ಅಜ್ಜ ಹೊಸ್ತಿಲು ಕೂಡ ದಾಟ್ತಿರಲಿಲ್ಲ, ಜೇಬಿಂದ ಇನ್ನೊಂದು ತೆಗೀತಿದ್ರು. ಇವರು ಏಣಿ ಹತ್ತಿಲ್ಲ. ಮೇಜಿನ ಮುಂದೆ ಕೂತು ಓದ್ತಿದ್ದಾಗ ಯಾರೋ ಹಿಂದಿನಿಂದ ಹೊಡೆದಿದ್ದಾರೆ."

ಕಡತಗಳು ಹಾರದಂತೆ ಇಡುವ ಐದು ಕಬ್ಬಿಣದ ಗುಂಡುಗಳು ಕಪಾಟಿನ ಮೇಲಿದ್ದವು. ನಾಲ್ಕರ ಮೇಲೆ ಧೂಳು. ಒಂದು ಮಾತ್ರ ಒರೆಸಿಟ್ಟ ಹಾಗೆ ಫಳಫಳ.

ಇದು ಕೊಲೆ ಎಂಬ ಅರ್ಜಿಯಮ್ಮನ ಮಾತು ಮೊದಲು ಸುಟ್ಟಿದ್ದು ಬಡಗಿಯನ್ನು. ಮೂರು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಊರಿನ ಆರು ಮಕ್ಕಳು ವಾಂತಿಭೇದಿಯಿಂದ ಸತ್ತಿದ್ದವು. ಅವರಲ್ಲಿ ಬಡಗಿಯ ಮಗ ಒಬ್ಬ. ನೀರು ಪರೀಕ್ಷಕನ ಮಗಳೂ ಒಬ್ಬಳು. ಟ್ಯಾಂಕಿನ ನೀರನ್ನು ಪ್ರತಿ ಸೋಮವಾರ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯಬೇಕು; ಆ ಪುಸ್ತಕ ತೋರಿಸಿ ಎಂದು ಬಡಗಿ ಎರಡು ಸಲ ಅರ್ಜಿ ಹಾಕಿದ್ದ, ಅಧ್ಯಕ್ಷರು ಎರಡು ಸಲವೂ ತಳ್ಳಿಹಾಕಿದ್ದರು. ಮೂರನೆಯದನ್ನು ಅರ್ಜಿಯಮ್ಮ ಮೇಲಿನ ಕಚೇರಿಗೇ ಬರೆದಿದ್ದಳು. ತೋರಿಸಲೇಬೇಕು ಎಂಬ ಆದೇಶ ಬಂದು ಹತ್ತು ದಿನವಾಗಿತ್ತು. ನಿನ್ನೆ ಮಧ್ಯಾಹ್ನ ಬಡಗಿ ಕಚೇರಿಗೆ ಬಂದು ಮೇಜು ಗುದ್ದಿ ಕೂಗಾಡಿದ್ದ: "ನಾಳೆ ತೋರಿಸ್ಲಿಲ್ಲ ಅಂದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ ಅಜ್ಜ!" ಅಜ್ಜ, "ನಾಳೆ ಬಾಪ್ಪಾ, ಸಂಜೆಗೆ ತೆಗೆದಿಡ್ತೀನಿ," ಎಂದಿದ್ದರು. ಪೊಲೀಸ್ ಅಧಿಕಾರಿಗೆ ಇಷ್ಟು ಸಾಕಾಯಿತು. ಹತ್ತೂವರೆಗೆಲ್ಲ ಬಡಗಿಯನ್ನು ಅಂಗಡಿಯಿಂದಲೇ ಎಳೆದೊಯ್ದ.

ಬಡಗಿಯ ಹೆಂಡತಿ ಜಗಲಿಗೆ ಬಂದಳು. ಅಳುತ್ತಿರಲಿಲ್ಲ. ಅದರಿಂದಲೇ ನರ್ಸ್‌ಗೆ ಹೆಚ್ಚು ಸಂಕಟವಾಯಿತು.

"ಅಜ್ಜ ಬಿದ್ದು ಸತ್ರು ಅಂತ ಇದ್ದಿದ್ರೆ ನನ್ನ ಗಂಡ ಮನೇಲಿರ್ತಿದ್ದ," ಎಂದಳು. "ಕೊಲೆ ಅಂದೋರು ನೀವು. ಮಗನ್ನ ಮಣ್ಣಿಗಿಟ್ಟೆ. ಈಗ ಇವನನ್ನೂ ಬಿಟ್ಟುಕೊಡ್ಲಾ?"

"ನಾನು ಶುರು ಮಾಡಿದ್ದು, ನಾನೇ ಮುಗಿಸ್ಬೇಕು," ಎಂದು ಅರ್ಜಿಯಮ್ಮ ಮೇಜಿನ ಮೇಲೆ ಹೊಸ ಹಾಳೆ ಹರಡಿದಳು. ಸಾವಿರಾರು ಜನರಿಗೆ ಬರೆದುಕೊಟ್ಟವಳು ತನ್ನ ಹೆಸರಲ್ಲಿ ಅರ್ಜಿ ಬರೆಯುವುದನ್ನು ನರ್ಸ್ ನೋಡಿದ್ದು ಅದೇ ಮೊದಲು.

ಅಧ್ಯಕ್ಷರು ಉರಿದುಬಿದ್ದರು. "ಪೊಲೀಸಿನವರು ಇರುವಾಗ ನಿನಗೇನಮ್ಮ ಅಧಿಕಾರ?"

"ಅಧಿಕಾರ ಏನೂ ಇಲ್ಲ ಸ್ವಾಮಿ. ಅರ್ಜಿ ಇದೆ. ನಿಮ್ಮ ತಲೆ ಹಿಂದಿನ ಬೋರ್ಡು ಓದಿ. ಊರಿನ ಯಾರು ಬೇಕಾದರೂ ಸಹಿ ಹಾಕಿ ಯಾವ ದಾಖಲೆ ಬೇಕಾದರೂ ನೋಡಬಹುದು. ಅದರ ಅಂಚಿಗೆ ಬಣ್ಣ ಹಚ್ಚಿಸಿದ್ದು ನೀವೇ."

ಅಧಿಕಾರಿ ತಲೆ ಕೆರೆದುಕೊಂಡು, ಜವಾನನ ಎದುರಿಗೇ ನೋಡಲಿ ಎಂದ. ಅವಳು ಕೇಳಿದ್ದು ಮೂರೇ: ನೀರಿನ ಪುಸ್ತಕ, ಟಪಾಲು ಪುಸ್ತಕ, ಅಜ್ಜ ಬರೆದ ಕಾಗದಗಳ ಪ್ರತಿಗಳಿರುವ ಕಡತ.

ನೀರಿನ ಪುಸ್ತಕ ಕಪಾಟಿನಲ್ಲಿ ತನ್ನ ಜಾಗದಲ್ಲೇ ಇತ್ತು. ಮೂರು ತಿಂಗಳಿಗೊಂದು ಹಾಳೆ, ಸೋಮವಾರಕ್ಕೊಂದು ಸಾಲು. ಪರೀಕ್ಷೆ ತಪ್ಪಿದ ಕಡೆಯೆಲ್ಲ ಆಮೇಲೆ ಯಾರೂ ಏನೂ ತುರುಕದಂತೆ ಅಜ್ಜ ಕೆಂಪು ಶಾಯಿಯಲ್ಲಿ, ರೂಲರ್ ಹಿಡಿದು, ಒತ್ತಿ ಗೆರೆ ಎಳೆದಿದ್ದರು. ಮಕ್ಕಳು ಸತ್ತ ಆ ಬೇಸಿಗೆಯ ಪುಟ ತುಂಬಿತ್ತು. ಹದಿಮೂರು ಸೋಮವಾರ, ಹದಿಮೂರು 'ಶುದ್ಧ', ಪರೀಕ್ಷಕನ ದುಂಡು ಅಕ್ಷರ.

"ಎಲ್ಲ ಸರಿಯಾಗಿದೆಯಲ್ಲ ಅಕ್ಕ," ಎಂದಳು ನರ್ಸ್. ಎದೆ ಹಗುರಾಯಿತು. ಅವನ ಮಗಳು ಪ್ರಾಣ ಬಿಟ್ಟದ್ದು ಇವಳ ಕೈ ಹಿಡಿದುಕೊಂಡೇ.

ಪುಸ್ತಕದ ಮೂಲೆಯಲ್ಲಿ ಹುಳು ಕೊರೆದ ತೂತಿತ್ತು, ಸಾಸಿವೆ ಗಾತ್ರದ್ದು. ಅರ್ಜಿಯಮ್ಮ ಪೊರಕೆಯಿಂದ ಒಂದು ಕಡ್ಡಿ ಮುರಿದು ಅದರೊಳಗೆ ತೂರಿಸಿದಳು. ಕಡ್ಡಿ ಸಲೀಸಾಗಿ ಇಳಿಯಿತು, ಒಂದು ಕಡೆ ತಡೆಯಿತು. ಪುಸ್ತಕ ಮಗುಚಿ ಆಚೆ ಕಡೆಯಿಂದ ತೂರಿಸಿದಳು. ಮತ್ತೆ ಅಲ್ಲೇ ತಡೆಯಿತು. ಆಮೇಲೆ ಮುಂದಿನ ಹಾಳೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದಳು. ಟಪಾಲು ಪುಸ್ತಕದ ನಿನ್ನೆಯ ಪುಟ ನೋಡಿ, ಪ್ರತಿಗಳ ಕಡತದ ಕಟ್ಟಕಡೆಯ ಹಾಳೆ ಓದಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊರಗೆ ಬಂದ ಮೇಲೆ ಜವಾನ ಬೀಗವನ್ನು ಚಿಲಕಕ್ಕೆ ಸಿಕ್ಕಿಸಿ ಅಂಗೈಯಿಂದ ಒತ್ತಿದ. ಕಟ್ ಎಂದಿತು.

"ಕೀಲಿ ಬೇಡ್ವೇನೋ ಹಾಕೋಕೆ?"

"ತೆಗೆಯೋಕೆ ಬೇಕು ಅಮ್ಮ. ಹಾಕೋಕೆ ಒತ್ತಿದ್ರೆ ಸಾಕು."

ನಾಲ್ಕು ಗಂಟೆಗೆ ಕಚೇರಿಯ ಸಭೆಕೋಣೆಯಲ್ಲಿ ಎಲ್ಲರೂ ಸೇರಿದರು. ಅಧ್ಯಕ್ಷರು, ಜವಾನ, ಪರೀಕ್ಷಕ, ಇಬ್ಬರು ಪೇದೆಗಳ ನಡುವೆ ಬಡಗಿ. ಅಧಿಕಾರಿ ಗಡಿಯಾರ ನೋಡುತ್ತಿದ್ದ. ಅರ್ಜಿಯಮ್ಮ ಮೂರು ಪುಸ್ತಕಗಳನ್ನು ಮುಂದಿಟ್ಟುಕೊಂಡು ನಿಂತಳು. ಅವಳ ದನಿಯಲ್ಲಿ ಗೆದ್ದವರ ಉತ್ಸಾಹ ಇರಲಿಲ್ಲ.

"ಮೊದಲು ಬೀಗ. ಕೋಣೆ ಹೊರಗಿನಿಂದ ಹಾಕಿತ್ತು, ಒಂದು ಕೀಲಿ ಹೆಣದ ಮೇಲೆ, ಇನ್ನೊಂದು ಅಧ್ಯಕ್ಷರ ಹತ್ರ. ಹಾಗಾಗಿ ಅಧ್ಯಕ್ಷರ ಮೇಲೂ ಜನ ಪಿಸುಗುಟ್ಟಿದ್ರು. ಆದರೆ ಆ ಬೀಗ ಒತ್ತಿದ್ರೆ ಬೀಳುತ್ತೆ. ಯಾರು ಬೇಕಾದ್ರೂ ಹಾಕಿ ಹೋಗಿರಬಹುದು."

ಅಧ್ಯಕ್ಷರು ಮೊದಲ ಸಲ ಸರಿಯಾಗಿ ಉಸಿರುಬಿಟ್ಟರು.

"ಇನ್ನು ಬಡಗಿ. ಪುಸ್ತಕ ನೋಡೋಕೆ ಮೂರು ವರ್ಷ ಅಲೆದವನು, ನಾಳೆ ತೋರಿಸ್ತೀನಿ ಅಂದ ಮನುಷ್ಯನ್ನ ಇವತ್ತೇ ಯಾಕೆ ಕೊಲ್ತಾನೆ? ಕೊಂದ ಮೇಲಾದ್ರೂ ಪುಸ್ತಕ ಎತ್ಕೊಂಡು ಹೋಗ್ತಿದ್ದ. ಪುಸ್ತಕ ಕಪಾಟಲ್ಲೇ ಇದೆ. ಅದು ಅಲ್ಲೇ ಇರಲಿ, ಎಲ್ಲರೂ ನೋಡಲಿ ಅಂತ ಬಯಸಿದವರು ಯಾರು? ಅದರೊಳಗೆ ತನಗೆ ಬೇಕಾದ ಹಾಗೆ ಬರೆದಿಟ್ಟವರು."

ಅವಳು ಪುಸ್ತಕ ಬಿಡಿಸಿ ಕಡ್ಡಿ ತೂರಿಸಿ ತೋರಿಸಿದಳು. "ಹುಳು ಈ ರಟ್ಟಿನಿಂದ ಆ ರಟ್ಟಿನವರೆಗೆ ಕೊರೆದಿದೆ. ಹಾಳೆ ಬಿಟ್ಟು ಹಾಳೆ ತಿನ್ನೋ ಜಾಣತನ ಹುಳಕ್ಕಿಲ್ಲ. ಆದರೂ ಆ ಬೇಸಿಗೆಯ ಹಾಳೆಯಲ್ಲಿ ಮಾತ್ರ ತೂತಿಲ್ಲ. ಹುಳು ಬಂದು ಹೋದ ಮೇಲೆ ಸೇರಿಸಿದ ಹಾಳೆ ಇದು."

ಅವಳು ಸೀಸದ ಕಡ್ಡಿಯನ್ನು ಅಡ್ಡ ಹಿಡಿದು ಮುಂದಿನ ಹಾಳೆಯ ಮೇಲೆ ಮೆಲ್ಲಗೆ ಉಜ್ಜಿದಳು. ಬೂದು ಬಣ್ಣದ ನಡುವೆ ಐದು ಬಿಳಿ ಗೆರೆ ಎದ್ದು ಬಂದವು. ನೇರ, ಉದ್ದ, ಒಂದರ ಕೆಳಗೊಂದು.

"ಅಜ್ಜನ ರೂಲರ್. ತೆಗೆದುಹಾಕಿದ ಹಾಳೆ ಮೇಲೆ ಅವರು ಎಳೆದ ಗೆರೆ ಕೆಳಗಿನದರಲ್ಲಿ ಅಚ್ಚಾಗಿದೆ. ಐದು ಸೋಮವಾರ ಯಾರೂ ಟ್ಯಾಂಕ್ ಹತ್ತಿಲ್ಲ. ಆದೇಶ ಇಲ್ಲದೆ ಯಾವ ದಾಖಲೆಯ ಮಾತನ್ನೂ ಹೊರಗೆ ಆಡದ ಅಜ್ಜ, ನಿನ್ನೆ ಸಂಜೆ ಬಡಗಿಗೆ ಅಂತ ಪುಸ್ತಕ ತೆಗೆದಾಗ ತಾವೇ ಎಳೆದ ಗೆರೆ ಕಾಣದೆ ಬೆಚ್ಚಿಬಿದ್ದಿರಬೇಕು."

ನರ್ಸ್ ಪರೀಕ್ಷಕನ ಕಡೆ ನೋಡಲಿಲ್ಲ. ನೋಡಲಾಗಲಿಲ್ಲ.

"ಅಕ್ಷರ ನನ್ನದೇ," ಎಂದ ಪರೀಕ್ಷಕ. "ಹಾಳೆ ಹರಿದಿತ್ತು, ನಕಲು ಮಾಡಿದೆ. ಅಷ್ಟಕ್ಕೇ ಕೊಲೆಗಾರ ಆಗ್ಬಿಟ್ನಾ?"

"ಇಲ್ಲ. ಬೆಳಿಗ್ಗೆ ನೀವೇ ಸಿಸ್ಟರ್ ಹತ್ರ ಹೇಳಿದ್ರಿ, ಅಜ್ಜನಿಂದ ಒಂದು ಮಾತೂ ಬಂದಿರಲಿಲ್ಲ ಅಂತ." ಅವಳು ಟಪಾಲು ಪುಸ್ತಕ ತಿರುಗಿಸಿದಳು. "ಅಜ್ಜ ಪಕ್ಕದ ಮನೆಗೆ ಚೀಟಿ ಕಳಿಸಿದ್ರೂ ಇದರಲ್ಲಿ ಸಹಿ ತಗೊಳ್ಳೋರು. ನಿನ್ನೆ ಐದೂ ಹತ್ತಕ್ಕೆ ಒಂದು ಲಕೋಟೆ. ತಗೊಂಡವರು ನೀವು. ಸಹಿ ನಿಮ್ಮದು."

ಅಧಿಕಾರಿ ಜವಾನನ ಮೇಲೆ ಹರಿಹಾಯ್ದ. "ನೀನ್ಯಾಕೋ ಬಾಯಿ ಬಿಡಲಿಲ್ಲ?"

"ದಿನಕ್ಕೆ ಇಪ್ಪತ್ತು ಲಕೋಟೆ ಹಂಚ್ತೀನಿ ಸಾರ್. ಯಾರೂ ಕೇಳ್ಲಿಲ್ಲವಲ್ಲ."

ಅರ್ಜಿಯಮ್ಮ ಕಡತದ ಕೊನೆಯ ಹಾಳೆ ಎತ್ತಿಕೊಂಡಳು. ಕಾರ್ಬನ್ ಪ್ರತಿ, ಅಜ್ಜನ ನಡುಗುವ ಅಕ್ಷರ ನೀಲಿಯಾಗಿ ಮೂಡಿತ್ತು. ಓದಿದಳು: "'ಆರು ಗಂಟೆಗೆ ಒಬ್ಬರೇ ಬನ್ನಿ. ಪುಟ ನೋಡಿದೆ. ನೀವೂ ಮಗು ಕಳೆದುಕೊಂಡವರು, ಹಾಗಾಗಿ ಮೊದಲು ನಿಮಗೇ ಹೇಳುತ್ತಿದ್ದೇನೆ. ನಾಳೆ ಬಡಗಿ ನೋಡುವ ಮುಂಚೆ ನೀವಾಗಿ ಅವನಿಗೆ ನಿಜ ಹೇಳಿಬಿಡಿ. ನಾನು ಜೊತೆಗಿರುತ್ತೇನೆ.'"

ಪರೀಕ್ಷಕ ಕೂತಲ್ಲೇ ಕುಸಿದ.

"ಐವತ್ತೆರಡು ಮೆಟ್ಟಿಲು. ಬಿಸಿಲು. ಮುಂದಿನ ವಾರ ಹತ್ತಿದ್ರಾಯ್ತು ಅಂದ್ಕೊಂಡೆ. ಅಷ್ಟೇ. ಮೇಲೆ ಮುಚ್ಚಳ ಒಡೆದು ಏನೇನೋ ಬಿದ್ದು ಕೊಳೀತಿತ್ತು... ನೋಡಿದ್ದು ಆರನೇ ವಾರ. ಆಗ್ಲೇ ನನ್ನ ಮಗು ಹಾಸಿಗೆ ಹಿಡಿದಿತ್ತು." ಮುಖ ಎತ್ತದೆ ಹೇಳಿದ. "ಕೆಲಸ ಹೋದ್ರೆ ಹೋಗ್ಲಿ, ಜೈಲಾದ್ರೂ ಆಗ್ಲಿ. ನನ್ನ ಹೆಂಡ್ತಿಗೆ ಗೊತ್ತಾಗ್ಬಾರದಿತ್ತು. ಆದೇಶ ಬಂತು, ಹಾಳೆ ಬದಲಾಯಿಸಿದೆ. ನಿನ್ನೆ ಅಜ್ಜನ ಕಾಲಿಗೆ ಬಿದ್ದೆ. 'ಅದು ದಾಖಲೆಯಪ್ಪಾ, ನನ್ನದಲ್ಲ ನಿನ್ನದಲ್ಲ' ಅಂದು ಮತ್ತೆ ಪುಸ್ತಕಕ್ಕೆ ಬಗ್ಗಿದ್ರು. ಗುಂಡು ಕೈಗೆ ಸಿಕ್ತು."

ಪೇದೆಗಳ ನಡುವಿನಿಂದ ಬಡಗಿ ಎದ್ದ. ಹೊಡೆಯುತ್ತಾನೆಂದು ಎಲ್ಲರೂ ಹೌಹಾರಿದರು. ಅವನು ಮೇಜಿನ ಬಳಿ ಹೋಗಿ, ಬೂದು ಹಾಳೆಯ ಮೇಲಿನ ಗೆರೆಗಳನ್ನು ಒಂದೊಂದಾಗಿ ಎಣಿಸಿ, ಯಾರನ್ನೂ ನೋಡದೆ ಹೊರಗೆ ನಡೆದುಹೋದ. ತಡೆಯಬೇಕೆಂದು ಯಾರಿಗೂ ತೋಚಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಪರೀಕ್ಷಕನ ಹೆಂಡತಿ ಜಗಲಿಗೆ ಬಂದಳು. ನರ್ಸ್ ಅಲ್ಲೇ ಕೂತಿದ್ದಳು. ಸುಮ್ಮನೆ ಎದ್ದು ಜಾಗ ಬಿಟ್ಟಳು.

"ಒಂದು ಅರ್ಜಿ ಬರ್ಕೊಡಿ," ಎಂದಳು ಆಕೆ. "ನೀರಿನ ಪುಸ್ತಕ ನೋಡ್ಬೇಕು."

"ಬೇಡಮ್ಮ," ಎಂದಳು ಅರ್ಜಿಯಮ್ಮ. ಮೂವತ್ತು ವರ್ಷದಲ್ಲಿ ಆ ಮೇಜಿನಿಂದ ಯಾರಿಗೂ ಬೇಡ ಎಂದಿರಲಿಲ್ಲ.

"ಯಾರು ಬೇಕಾದ್ರೂ ನೋಡ್ಬಹುದು ಅಂತ ನೀವೇ ಹೇಳಿದ್ರಂತಲ್ಲ."

ಅರ್ಜಿಯಮ್ಮ ಬರೆದುಕೊಟ್ಟಳು. ಪುಸ್ತಕ ಮೊಕದ್ದಮೆಗೆ ಹೋಗಿರಲಿಲ್ಲ, ಇನ್ನೂ ಕೋಣೆಯಲ್ಲೇ ಇತ್ತು. ಆಕೆ ಸಹಿ ಹಾಕಿ ಅಜ್ಜನ ಮೇಜಿನ ಮುಂದೆ ಕೂತು, ಆ ಬೂದು ಹಾಳೆಯನ್ನು ಬೆಳಕಿಗೆ ಹಿಡಿದಳು. ತುಂಬ ಹೊತ್ತು ನೋಡಿ, ಹಿಂದೆಯೇ ಬಂದಿದ್ದ ನರ್ಸ್ ಕಡೆ ತಿರುಗಿದಳು.

"ನನ್ನ ಮಗಳಿಗೆ ವಾಂತಿ ಶುರುವಾಗಿದ್ದು ಯಾವತ್ತು ಅಂತ ನಿಮಗೆ ನೆನಪಿರುತ್ತೆ ಸಿಸ್ಟರ್. ಆ ವಾರದ್ದು ಯಾವ ಗೆರೆ?"

ನರ್ಸ್‌ಗೆ ತಾರೀಖು ಗೊತ್ತಿತ್ತು. ಆಕೆಯ ಬೆರಳು ಹಿಡಿದು ನಾಲ್ಕನೇ ಗೆರೆಯ ಮೇಲಿಟ್ಟಳು.